ಕಾಸು ಕೈಗೇ ಕೊಡಿ

ನನ್ನ ಹೆಂಡತಿಯ ಅಂಗಡಿಯಲ್ಲಿ ಕಾಸನ್ನು ಹಲಗೆಯ ಮೇಲೆ ಇಡುವ ಹಾಗಿರಲಿಲ್ಲ. ಕೈಗೇ ಕೊಡಬೇಕಿತ್ತು. ಗೊತ್ತಿಲ್ಲದ ಹೊಸಬರು ಯಾರಾದರೂ ಬೀಡಿ ಕಟ್ಟಿನ ಚಿಲ್ಲರೆಯನ್ನು ಟಣ್ಣೆಂದು ಹಲಗೆಗೆ ಎಸೆದರೆ ಅವಳು ಮುಟ್ಟುತ್ತಲೂ ಇರಲಿಲ್ಲ. "ಲಕ್ಷ್ಮೀನ ಇಂಗೆಲ್ಲ ಎಸೀಬಾರ್ದು ಅಣ್ಣ, ಕೈಗೆ ಕೊಡಿ" ಎಂದು ಅಂಗೈ ಚಾಚುತ್ತಿದ್ದಳು. ಎಸೆದವರು ನಾಚಿಕೊಂಡು, ಎತ್ತಿ, ಕೈಗೆ ಕೊಡುತ್ತಿದ್ದರು. ಪೀಣ್ಯದ ಆ ರಸ್ತೆಯಲ್ಲಿ ಅವಳಿಗೆ ಬಹಳ ದೈವಭಕ್ತೆ ಎಂಬ ಹೆಸರು ಬಂದುಬಿಟ್ಟಿತ್ತು. ಅವಳು ಗುಡಿಗೆ ಹೋಗುತ್ತಿದ್ದುದು ಶನಿವಾರ ಮಾತ್ರ, ಅದೂ ಪುಳಿಯೋಗರೆಗೆ ಎಂಬುದು ನನಗೆ ಗೊತ್ತಿತ್ತು. ಕೈಗೇ ಕೊಡಿ ಅನ್ನುವುದಕ್ಕೆ ಕಾರಣ ಬೇರೆ ಇತ್ತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಒಂದೇ ಸಲಕ್ಕೆ ಹೋದ ಕಣ್ಣಲ್ಲ ಅದು. ಮೊದಮೊದಲು ಸಂಜೆಯ ಹೊತ್ತು ಹೊಸ್ತಿಲು ಎಡವುತ್ತಿದ್ದಳು. ಆಮೇಲೆ ಬಳೆಯೊಳಗಿಂದ ನೋಡಿದ ಹಾಗೆ ಎದುರಿಗಿದ್ದದ್ದು ಮಾತ್ರ ಕಾಣುತ್ತೆ ಅಂದಳು. ಬರುಬರುತ್ತ ಬಳೆ ಉಂಗುರದಷ್ಟಾಯಿತು. ಕೊನೆಗೆ ಹಗಲು ಯಾವುದು, ರಾತ್ರಿ ಯಾವುದು ಅನ್ನುವಷ್ಟು ಬೆಳಕು ಉಳಿಯಿತು. ಊರೊಳಗಿನ ಕಣ್ಣಾಸ್ಪತ್ರೆಯ ಡಾಕ್ಟರು, ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. "ಕ್ಯಾರೆಟ್ ತಿನ್ನಿಸಬಹುದಾ ಸಾರ್?" ಎಂದು ಕೇಳಿದೆ. "ತಿನ್ನಿಸಿ, ತಪ್ಪೇನಿಲ್ಲ" ಅಂದರು. ತಪ್ಪೇನಿಲ್ಲ ಅನ್ನುವ ಮಾತನ್ನೇ ಔಷಧಿ ಎಂದು ಹಿಡಿದುಕೊಂಡು ಬಂದ ನಾನು, ಆ ವರ್ಷವೆಲ್ಲ ಮನೆಗೆ ಕ್ಯಾರೆಟ್ ಹೊತ್ತೆ. ಪಲ್ಯ, ಸಾರು, ಕೋಸಂಬರಿ. ಕೊನೆಗೆ ಅವಳೇ, "ನಂಗೆ ಕಣ್ಣು ಬರೋ ಹೊತ್ಗೆ ನಿಮ್ಗೆ ಮೊಲದ ಕಿವಿ ಬಂದಿರ್ತದೆ, ಸಾಕು ನಿಲ್ಲಿಸ್ರೀ" ಅಂದಳು.

ಅವಳ ತವರು ಹೂಡಿ ಅನ್ನುವ ಊರು. ಅವಳ ಅಜ್ಜಿಗೂ ಹೀಗೇ ಆಗಿತ್ತಂತೆ. ರಾಗಿ ಬೀಸುವ ಕಲ್ಲಿನ ಪಕ್ಕದಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊತ್ತುಹೊತ್ತಿಗೆ ಮುದ್ದೆ, ಸಾರು ತಂದಿಡುತ್ತಿದ್ದರು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅಜ್ಜಿಯನ್ನು ಮಾತಾಡಿಸುವಾಗ ಮಾತ್ರ ಎಲ್ಲರೂ ಕೂಗುತ್ತಿದ್ದರು. 'ಅಜ್ಜೀ! ಊಟ ಆಯ್ತಾ!' ಎಂದು, ಆಚೆ ದಿಣ್ಣೆಯಲ್ಲಿರುವವರನ್ನು ಕರೆದಂತೆ.

"ನಮ್ಮಜ್ಜಿ ಕಿವಿ ನಂದೂ ನಿಮ್ದೂ ಕಿವಿಗಿಂತ ಚೆನ್ನಾಗಿತ್ತು ಕಣ್ರೀ. ಕಣ್ಣು ಹೋದ್ರೆ ಕಿವೀನೂ ಹೋಗೈತೆ ಅಂದ್ಕೋತಾರೆ. ಆಮೇಲೆ ಬುದ್ಧೀನೂ ಹೋಗೈತೆ ಅಂದ್ಕೋತಾರೆ. ಅಂಗಡೀಲಿ ಕೂತಿರೋಗಂಟ ನಾನು ಅಂಗಡಿಯೋಳು. ಇದು ಜನಕ್ಕೆ ಗೊತ್ತಾದ ದಿನ, ನಂಗೂ ಒಂದು ಮೂಲೆ ತೋರಿಸ್ತಾರೆ. ಯಾರ್ಗೂ ಹೇಳ್ಬೇಡಿ."

ನಾನು ಹೇಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ನಾನು ಬೆಳಿಗ್ಗೆ ಫ್ಯಾಕ್ಟರಿಯೊಳಗೆ ಹೋದರೆ ಸಂಜೆ ಸೈರನ್ ಆದ ಮೇಲೇ ಆಚೆ ಬರುವುದು. ಆ ಫ್ಯಾಕ್ಟರಿ ನಿಂತಿದ್ದದ್ದು ಒಂದು ಕಾಲಕ್ಕೆ ನಮ್ಮ ದೊಡ್ಡಪ್ಪನ ರಾಗಿ ಹೊಲ. ನಾನು ಅಲ್ಲಿ ಸ್ಟೋರ್ಸ್ ಕ್ಲರ್ಕು. ಡ್ರಿಲ್ಲು, ಅರ, ವೇಸ್ಟ್ ಬಟ್ಟೆ ಕೊಡುವವನು. ಅವಳ ಪೆಟ್ಟಿಗೆ ಅಂಗಡಿ ಗೇಟಿನ ಎದುರಿಗೆ, ಹೊಂಗೆ ಮರದ ಕೆಳಗೆ. ಸ್ಟೋರ್ಸ್ ಕಿಟಕಿಯಿಂದ ಕತ್ತು ಚಾಚಿದರೆ ಅಂಗಡಿಯ ಅರ್ಧ ಕಾಣುತ್ತಿತ್ತು. ಆ ಅರ್ಧವನ್ನು ನೋಡುತ್ತಾ ಕಾಣದ ಇನ್ನರ್ಧದ ಬಗ್ಗೆ ಚಿಂತೆ ಮಾಡುವುದು ನನ್ನ ದಿನದ ಕೆಲಸ. ಯಾರಾದರೂ ಖೋಟಾ ನೋಟು ಕೊಟ್ಟರೆ? ಬಾಳೆಗೊನೆಯಲ್ಲಿ ಹಾವು ಬಂದರೆ? ಹೊಂಗೆ ಕೊಂಬೆ ಮುರಿದುಬಿದ್ದರೆ? ಮಳೆ ಬಾರದಿದ್ದರೂ ಕೊಂಬೆ ಮುರಿಯುತ್ತದಂತೆ, ಎಲ್ಲೋ ಕೇಳಿದ್ದೆ. ಒಂದು ಭಾನುವಾರ ಮರ ಹತ್ತಿ ಕೊಂಬೆಗಳನ್ನು ಕುಲುಕಿ ನೋಡಿ, ಇಳಿಯುವಾಗ ನಾನೇ ಬಿದ್ದೆ.

ಅವಳಿಗೆ ಆ ಭಯ ಯಾವುದೂ ಇರಲಿಲ್ಲ. ಆ ಕಾಲದ ನಮ್ಮ ನಾಣ್ಯಗಳೂ ಹಾಗೇ ಇದ್ದವು, ಬೆರಳಿಗಾಗಿಯೇ ಮಾಡಿಸಿದಂತೆ. ಐದು ಪೈಸೆ ಚೌಕ, ಮೂಲೆಗಳನ್ನು ಮಾತ್ರ ಸವರಿದ್ದು. ಹತ್ತು ಪೈಸೆಯ ಅಂಚಿಗೆ ಹೂವಿನ ಎಸಳಿನಂತೆ ಉಬ್ಬುತಗ್ಗು. ಇಪ್ಪತ್ತು ಪೈಸೆಗೆ ಆರು ಮೂಲೆ. ಇವೆಲ್ಲ ಅಲ್ಯುಮಿನಿಯಂ, ಕೈಗೆ ಬಿದ್ದವೋ ಇಲ್ಲವೋ ಅನ್ನುವಷ್ಟು ಹಗುರ. ನಾಲ್ಕಾಣೆ ಪುಟ್ಟಗೆ, ಗುಂಡಗೆ, ತಣ್ಣಗೆ. ಎಂಟಾಣೆ ಅದರ ಅಕ್ಕ. ರೂಪಾಯಿ ಇವರಿಬ್ಬರ ಅಮ್ಮ. ಇದು ಅವಳದೇ ಲೆಕ್ಕ. ನೋಟುಗಳದ್ದೂ ಅಷ್ಟೆ. ಬೆಲೆ ಏರಿದಂತೆ ಉದ್ದ ಏರುತ್ತಿತ್ತು. ಎರಡು ಬೆರಳ ಸಂದಿಗೆ ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿಯನ್ನು ಅಂಗೈ ಮೇಲೆ ಎಳೆದುಬಿಡುತ್ತಿದ್ದಳು. ಒಂದು ರೂಪಾಯಿ ಮಣಿಕಟ್ಟಿನ ಹತ್ತಿರವೇ ನಿಲ್ಲುತ್ತಿತ್ತು. ಹತ್ತು ರೂಪಾಯಿ ಹೋಗಿ ಬಳೆ ಮುಟ್ಟುತ್ತಿತ್ತು. ನೋಡುವವರಿಗೆ ನೋಟಿನ ಸುಕ್ಕು ಸವರುತ್ತಿದ್ದಾಳೆ ಅನ್ನಿಸಬೇಕು, ಹಾಗೆ.

ನಮ್ಮಲ್ಲಿ ಒಬ್ಬ ಟರ್ನರ್ ಇದ್ದ. ಲೇತ್ ಮೇಲೆ ಕೈ ಇಟ್ಟರೆ ಚಿನ್ನದಂಥ ಕೆಲಸಗಾರ, ಬಾಯಿ ಮಾತ್ರ ಸುಮ್ಮನಿರದು. ಒಂದು ದಿನ ಎಂಟಾಣೆಯ ಅಳತೆಗೇ ಒಂದು ಉಕ್ಕಿನ ಬಿಲ್ಲೆ ಕಡೆದು ತಂದು ಅವಳ ಕೈಗಿಟ್ಟ. "ಅಕ್ಕ, ಬಾಳೆಹಣ್ಣು."

ಅವಳು ಬಿಲ್ಲೆಯ ಮೇಲೆ ಒಮ್ಮೆ ಹೆಬ್ಬೆಟ್ಟು ಆಡಿಸಿ ವಾಪಸ್ಸು ಚಾಚಿದಳು. "ಕೆಲ್ಸ ಚೆನ್ನಾಗೈತೆ ಕಣಪ್ಪ. ಓಗಿ ಮೂರು ಸಿಂಹ ಕೆತ್ತಿಸ್ಕಂಡು ಬಾ, ಒಂದು ಹಣ್ಣು ಜಾಸ್ತೀನೇ ಕೊಡ್ತೀನಿ."

ಅಂಗಡಿ ಮುಂದಿದ್ದವರೆಲ್ಲ ಹೋ ಎಂದರು. ಟರ್ನರ್ ನನ್ನ ಹತ್ತಿರ ಬಂದು, "ಗುರು, ನಿಮ್ಮನೆಯೋರು ಕಣ್ಣೆತ್ತಿ ನೋಡೋದೂ ಇಲ್ಲ, ಹಿಡಿದುಬಿಡ್ತಾರಲ್ಲ! ಇವರನ್ನ ಇನ್ಸ್‌ಪೆಕ್ಷನ್‌ನಲ್ಲಿ ಕೂರಿಸ್ಬೇಕು ಗುರು" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ವಾರವೆಲ್ಲ 'ಕಣ್ಣೆತ್ತಿ ನೋಡೋದೂ ಇಲ್ಲ' ಅನ್ನುವ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಊಟ ಸೇರದೆ ಕೂತೆ.

ಆ ವರ್ಷವೇ ಫ್ಯಾಕ್ಟರಿಗೆ ಒಂದು ದೊಡ್ಡ ಗ್ರೈಂಡಿಂಗ್ ಮೆಷಿನ್ ಬಂತು. ಅದನ್ನು ಕೂರಿಸಿ, ನಡೆಸಿ ತೋರಿಸಲು ಜರ್ಮನಿಯಿಂದ ಒಬ್ಬ ವಯಸ್ಸಾದ ಎಂಜಿನಿಯರ್ ಬಂದರು. ಎಲ್ಲರೂ ಸಾಹೇಬರು ಅನ್ನುತ್ತಿದ್ದೆವು. ನಮ್ಮ ಕ್ಯಾಂಟೀನಿನ ಸಾಂಬಾರು ಮೊದಲ ದಿನವೇ ಅವರನ್ನು ಮಲಗಿಸಿತು. ಆಮೇಲೆ ಅವರು ಬದುಕಿದ್ದು ಬಾಳೆಹಣ್ಣಿನ ಮೇಲೆ. ಅವರನ್ನು ರಸ್ತೆ ದಾಟಿಸಿ ಅಂಗಡಿಗೆ ಕರೆದೊಯ್ಯುವ ಕೆಲಸ ನನಗೆ ಬಿತ್ತು. ಯಾಕೆಂದರೆ ಸ್ಟೋರ್ಸ್‌ನವನಿಗೆ ಕೆಲಸ ಇರುವುದಿಲ್ಲ ಎಂಬುದು ಎಲ್ಲ ಫ್ಯಾಕ್ಟರಿಗಳಲ್ಲೂ ಇರುವ ನಂಬಿಕೆ. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವರು ಜೇಬಿಗೆ ಕೈ ಹಾಕಿ ಸಿಕ್ಕಿದ ಎಂಟಾಣೆಯನ್ನು ಅವಳ ಅಂಗೈಗಿಟ್ಟರು. ಅವಳು ಮುಷ್ಟಿ ಮುಚ್ಚಲು ಹೋಗಿ ನಿಂತಳು. ನಾಣ್ಯವನ್ನು ಎರಡು ಬೆರಳ ನಡುವೆ ನಿಲ್ಲಿಸಿಕೊಂಡು ನಿಧಾನ ಉರುಳಿಸಿದಳು.

"ಏನ್ರೀ, ಇದು ನಮ್ದಲ್ಲ. ನಮ್ಮ ಎಂಟಾಣೆ ಅಂಚು ಇಂಗಿರಲ್ಲ. ಇದ್ರಲ್ಲಿ ಬಳ್ಳಿ ಹಬ್ಬೈತೆ."

ನಾನು ಇಸಕೊಂಡು ನೋಡಿದೆ. ಅದೇ ಗಾತ್ರ, ಅದೇ ಬಣ್ಣ, ಅದೇ ತೂಕ. ಸಿಂಹಗಳ ಜಾಗದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಅವರ ದೇಶದ ಒಂದು ಮಾರ್ಕಿನ ನಾಣ್ಯ. ಅಂಚನ್ನು ಬೆಳಕಿಗೆ ಹಿಡಿದರೆ ಸಣ್ಣ ಬಳ್ಳಿ, ಸುತ್ತಲೂ ಹಬ್ಬಿಕೊಂಡಿತ್ತು. ಸಾಹೇಬರು ಮಗುವಿನ ಹಾಗೆ ನಕ್ಕುಬಿಟ್ಟರು. ಮಾರನೆಯ ದಿನ ಒಂದು ಚರ್ಮದ ಚೀಲವನ್ನೇ ತಂದು ಅವಳ ಮುಂದೆ ಸುರಿದರು. ಅವರು ಮೆಷಿನ್ ಕೂರಿಸುತ್ತಾ ದೇಶದೇಶ ಅಲೆದವರು. ಹೋದಲ್ಲೆಲ್ಲ ಉಳಿದ ಚಿಲ್ಲರೆ ಅದರಲ್ಲಿ ಬಿದ್ದಿತ್ತು.

"ಫಾರ್ ಮೇಡಂ" ಅಂದರು.

ಬದಲಿಗೆ ಅವಳು ತನ್ನ ಡಬ್ಬದ ತಳದಿಂದ ಹಳೆಯ ಒಂದು ಪೈಸೆ, ಎರಡು ಪೈಸೆ, ಮೂರು ಪೈಸೆಗಳನ್ನು ಹುಡುಕಿ ಕೊಟ್ಟಳು. ಸಾಹೇಬರು ಅವನ್ನು ಅಂಗೈಯಲ್ಲಿ ಕುಲುಕಿ, ತೂಕವೇ ಇಲ್ಲವಲ್ಲ ಎಂದು ಬೆರಗಾಗಿ, ಹಾರಿಹೋದಾವೆಂಬಂತೆ ಉಫ್ ಎಂದು ಊದಿ ತೋರಿಸಿದರು.

ಆ ಕೆಲವು ವಾರಗಳು ಈಗಲೂ ನನ್ನ ಕಣ್ಣ ಮುಂದಿವೆ. ಸಂಜೆ ಅಂಗಡಿಯ ಹಲಗೆ ಹಾಕುವ ಮುಂಚೆ ಅವಳು ಮಡಿಲಲ್ಲಿ ಆ ಕಾಸುಗಳನ್ನು ಹರಡಿಕೊಂಡು ಕೂರುತ್ತಿದ್ದಳು. ನಾನು ಅವಳ ಪಕ್ಕ ಕೂತು ಮೇಲಿನ ಚಿತ್ರ ಹೇಳಬೇಕು. ಒಂದು ಜಪಾನಿನದು, ನಡುವೆ ತೂತು. "ತೂತು ಕಾಸು! ನಮ್ಮಜ್ಜಿ ನನ್ನ ಉಡಿದಾರಕ್ಕೆ ಕಟ್ಟಿದ್ಲು ಇಂಥದ್ದು. ಅವ್ರೂ ಮಕ್ಳಿಗೆ ಕಟ್ತಾರೇನ್ರೀ?" ನನಗೇನು ಗೊತ್ತು, ಕಟ್ಟುತ್ತಾರೆ ಅಂದೆ. ಒಂದು ಬ್ರಿಟನ್ನಿನದು, ಏಳು ಮೂಲೆ. "ಒಂದು ಮೂಲೆ ಜಾಸ್ತಿ ಮಾಡವ್ರೆ, ನಮ್ಮೇಲೆ ಹೊಟ್ಟೆಕಿಚ್ಚು." ಜರ್ಮನಿಯ ಇನ್ನೊಂದು ಪುಟ್ಟ ನಾಣ್ಯದ ಮೇಲೆ ಅವಳ ಬೆರಳು ಬಹಳ ಹೊತ್ತು ಆಡಿತು. "ಇಲ್ಲಿ ಯಾರೋ ಕೂತವ್ರೆ, ಮಂಡಿ ಊರಿ." ನಾನು ಬಗ್ಗಿ ನೋಡಿದೆ. ಒಬ್ಬ ಹೆಂಗಸು ಮಂಡಿಯೂರಿ ಸಸಿ ನೆಡುತ್ತಿದ್ದಳು. "ಕೆಲ್ಸ ಮಾಡ್ತಿರೋ ಹೆಂಗಸ್ನ ಕಾಸಿನ ಮ್ಯಾಲೆ ಹಾಕವ್ರೆ!" ಎಂದು ಅವಳು ಎಷ್ಟು ಸಂತೋಷಪಟ್ಟಳೆಂದರೆ, ಆ ಕಾಸನ್ನು ರವಿಕೆಯೊಳಗಿನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಅಮೆರಿಕದ ಒಂದು ಡಾಲರ್ ನೋಟೂ ಇತ್ತು. ಅಲ್ಲಿ ಒಂದಾದರೂ ನೂರಾದರೂ ನೋಟಿನ ಅಳತೆ ಒಂದೇ, ಬಣ್ಣವೂ ಒಂದೇ ಎಂದು ಸಾಹೇಬರು ಹೇಳಿದ್ದನ್ನು ನಾನು ಹೇಳಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. "ಅಂಗಾದ್ರೆ ಅಲ್ಲಿ ನನ್ನಂಥೋರು ಅಂಗಡಿ ಎಂಗೆ ಇಡ್ತಾರೆ? ಎಲ್ರುನ್ನೂ ನಂಬ್ಕಂಡು ಕೂರ್ಬೇಕಾ? ಅದೇನ್ ಶ್ರೀಮಂತರೋ ಅವ್ರು."

ಚೀಲದ ತಳದಲ್ಲಿ ಹಾಲೆಂಡಿನ ಒಂದು ನೋಟು ಮಡಿಸಿ ಬಿದ್ದಿತ್ತು. ಅದನ್ನು ಬಿಚ್ಚಿದಾಗ ಸಾಹೇಬರೂ ಅಂಗಡಿಯ ಮುಂದೆ ಹಣ್ಣು ಸುಲಿಯುತ್ತಾ ನಿಂತಿದ್ದರು. ಅವಳ ಹೆಬ್ಬೆಟ್ಟು ನೋಟಿನ ಮೂಲೆಗೆ ಹೋಗಿ ನಿಂತಿತು. "ಇಲ್ಲೇನೋ ಮುಳ್ಳುಮುಳ್ಳು ಐತೆ. ರಾಗಿ ಕಾಳು ಅಂಟಿದಂಗೆ. ಒರೆಸಿದ್ರೂ ಹೋಗ್ತಿಲ್ಲ."

ನಾನು ಸಾಹೇಬರಿಗೆ ತೋರಿಸಿ ವಾಟ್ ಅಂದೆ. ಅವರು ಮಾತು ಹುಡುಕಿದರು, ಸಿಗಲಿಲ್ಲ. ಕೊನೆಗೆ ಹಣ್ಣನ್ನು ಎಡಗೈಗೆ ತೆಗೆದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಲಗೈ ಹೆಬ್ಬೆಟ್ಟನ್ನು ಗಾಳಿಯಲ್ಲಿ ಉಜ್ಜಿ ತೋರಿಸಿದರು. ಕಣ್ಣಿಲ್ಲದವರಿಗೆ ನೋಟಿನ ಬೆಲೆ ತಿಳಿಯಲಿ ಎಂದು ಉಬ್ಬಿಸಿದ ಚುಕ್ಕಿಗಳು ಅವು. ಕಣ್ಣು ತೆರೆದ ಸಾಹೇಬರು ಅವಳನ್ನು ನೋಡಿದರು. ಅವರು ಅಷ್ಟೆಲ್ಲ ಅಭಿನಯ ಮಾಡಿದರೂ ಅವಳ ಮುಖ ಹೊಂಗೆ ಮರದ ಕಡೆಗಿತ್ತು. ಅವರು ತಿರುಗಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿಹೋಗಿತ್ತು.

ನಾನು ಚುಕ್ಕಿಗಳ ವಿಷಯ ಅವಳಿಗೆ ಹೇಳಿದೆ. ಅವಳು ಆ ಮೂಲೆಯ ಮೇಲೆ ಮತ್ತೊಮ್ಮೆ ಹೆಬ್ಬೆಟ್ಟು ಆಡಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು. "ಅಲ್ಲಿ ನೋಟು ಮಾಡೋರ್ಗೆ ನಾನು ಇದೀನಿ ಅಂತ ಗೊತ್ತೇನ್ರೀ?"

ಆ ರಾತ್ರಿ ಸಾಹೇಬರಿಗೆ 'ಯಾರಿಗೂ ಹೇಳಬೇಡಿ' ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟೋ ಬಗೆಯಲ್ಲಿ ಕಟ್ಟಿದೆ. ಬೆಳಿಗ್ಗೆ ನನ್ನ ಬುದ್ಧಿ ಬೇರೆ ದಾರಿ ಹಿಡಿಯಿತು. ಹೇಳಬೇಡಿ ಅಂದರೆ ಹೇಳುವಂಥದ್ದು ಏನೋ ಇದೆ ಎಂದಾಗುವುದಿಲ್ಲವೇ? ಹೋಗಲಿ, ಅವರು ಯಾರಿಗೆ ಹೇಳುತ್ತಾರೆ, ಅವರಿಗೆ ಕನ್ನಡವೇ ಬರುವುದಿಲ್ಲ. ಜೀವನದಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಚಿಂತೆ ಬಿಟ್ಟು ನಿರಾಳವಾದದ್ದು ಆವತ್ತು.

ಮೆಷಿನ್ ಸರಿಯಾಗಿ ಓಡತೊಡಗಿದ ಮೇಲೆ ಶೆಡ್ಡಿನಲ್ಲೇ ಸಾಹೇಬರಿಗೆ ಬೀಳ್ಕೊಡುಗೆ ಇಟ್ಟರು. ಹಾರ, ಗಂಧದ ಮರದ ಆನೆ, ಎಲ್ಲರಿಗೂ ಲಾಡು, ಖಾರಾಬೂಂದಿ. ಸಾಹೇಬರು ಎರಡು ಮಾತಾಡಿದರು. ಸೂಪರ್‌ವೈಸರ್ ಮೈಕಿನಲ್ಲಿ ಕನ್ನಡ ಮಾಡಿದರು. ಕೆಲಸಗಾರರು ಒಳ್ಳೆಯವರು, ಸಾಂಬಾರು ಖಾರ, ಎಲ್ಲರೂ ನಕ್ಕರು. ಆಮೇಲೆ ಸೂಪರ್‌ವೈಸರ್ ಒಂದು ಕ್ಷಣ ತಡೆದು, ದನಿ ಬದಲಿಸಿ ಹೇಳಿದರು: "ಸಾಹೇಬರು ಹೇಳ್ತಾ ಇದಾರೆ, ಈ ದೇಶದಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಕೈ ಯಾವುದು ಅಂದ್ರೆ, ಗೇಟಿನ ಎದುರು ಅಂಗಡಿ ಇಟ್ಟಿರೋ ತಾಯಿಯದು. ಆಕೆಗೆ ಕಣ್ಣು ಕಾಣಲ್ಲ. ಆದ್ರೂ ನಾನು ಕೊಟ್ಟ ನಮ್ಮ ದೇಶದ ನಾಣ್ಯವನ್ನ ಹಿಡಿದುಬಿಟ್ಟರು."

ಆಮೇಲೆ ಚಪ್ಪಾಳೆ. ತಗಡಿನ ಚಾವಣಿ ಹಾರುವಂಥ ಚಪ್ಪಾಳೆ. ನಾನು ಕೈಯಲ್ಲಿ ಲಾಡು ಹಿಡಿದು ನಿಂತಿದ್ದೆ. ಟರ್ನರ್ ಓಡಿಬಂದು ನನ್ನ ಭುಜ ಹಿಡಿದುಕೊಂಡ. "ಗುರು, ಒಂದು ಮಾತು ಹೇಳ್ಬಾರ್ದಿತ್ತಾ ನಮ್ಗೆ? ನಾನು ಬಿಲ್ಲೆ ಕೊಟ್ಟು ತಮಾಷೆ ಬೇರೆ ಮಾಡಿದೆನಲ್ಲ ಗುರು!" ಅವನ ಕಣ್ಣಲ್ಲಿ ನೀರಿತ್ತು.

ಸಂಜೆ ಅಂಗಡಿಗೆ ಹೋದಾಗ ಅವಳು, "ಏನ್ರೀ ಅಷ್ಟೊಂದು ಚಪ್ಪಾಳೆ? ಇಲ್ಲೀಗಂಟ ಕೇಳಿಸ್ತು" ಅಂದಳು. ಸಾಹೇಬರಿಗೆ ಬೀಳ್ಕೊಡುಗೆ ಅಂದೆ. ಅದು ಸುಳ್ಳೇನಲ್ಲ.

ಮರುದಿನ ಮೊದಲ ಪಾಳಿಗೆ ಮುಂಚೆ ನಾನು ಬಾಳೆಗೊನೆ ತೂಗುಹಾಕುತ್ತಿದ್ದೆ. ಟರ್ನರ್ ಬಂದ. ಅವಳಿಗೆ ಒಂದು ಮಾರು ದೂರದಲ್ಲಿ ನಿಂತು, ಕೂಗಿದ. "ಅಕ್ಕಾ! ಚೆನ್ನಾಗಿದ್ದೀರಾ! ಎರಡು! ಬಾಳೆಹಣ್ಣು!"

ಅವಳು ಹಣ್ಣು ಕೊಟ್ಟು, ಅವನು ಹೋಗುವವರೆಗೆ ಕಾದು, "ಯಾರು ಹೇಳಿದ್ದು?" ಎಂದಳು. ಹೇಳಿದೆ, ಮೈಕು, ಭಾಷಣ ಎಲ್ಲವನ್ನೂ.

"ಆ ಚಪ್ಪಾಳೆ ನಂಗಾ ಹೊಡೆದಿದ್ದು?"

"ಹೂಂ."

ಅವಳು ಡಬ್ಬದ ಚಿಲ್ಲರೆಯನ್ನು ಮತ್ತೆ ಮೊದಲಿಂದ ಎಣಿಸತೊಡಗಿದಳು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಯಾರೂ ಮೋಸ ಮಾಡಲಿಲ್ಲ. ಯಾರಾದರೂ ಮೋಸ ಮಾಡಿದ್ದರೆ ಅವಳು ಹಿಡಿಯುತ್ತಿದ್ದಳು, ಅವಳಿಗೆ ಅದು ಬರುತ್ತಿತ್ತು. ಜನ ಒಳ್ಳೆಯವರಾಗಿಬಿಟ್ಟರು. "ಅಕ್ಕ, ಇದು ಹತ್ತು ಪೈಸೆ, ಡಬ್ಬಕ್ಕೆ ಹಾಕ್ತಿದೀನಿ", "ಅಕ್ಕ, ನಾನೇ ತಗೋತೀನಿ, ನೀವು ಕೂತ್ಕೊಳಿ." ಹಣ್ಣು ತಾವೇ ಕಿತ್ತುಕೊಂಡು, ಕಾಸು ತಾವೇ ಹಾಕಿ, ಚಿಲ್ಲರೆ ತಾವೇ ಎತ್ತಿಕೊಂಡು, "ಸರಿಯಾಗಿದೆ ಅಕ್ಕ!" ಎಂದು ಕೂಗಿ ಹೋಗುತ್ತಿದ್ದರು. ಅವಳು ಅಭ್ಯಾಸಬಲದಿಂದ ಅಂಗೈ ಚಾಚುತ್ತಿದ್ದಳು. ಅದರಲ್ಲಿ ಯಾರೂ ಏನೂ ಇಡುತ್ತಿರಲಿಲ್ಲ. ಒಬ್ಬ ಹಿರಿಯರು ಮಾತ್ರ ಆ ಕೈ ಹಿಡಿದು ಕಣ್ಣಿಗೊತ್ತಿಕೊಂಡರಂತೆ. "ಗುಡಿ ಕಟ್ಟಿಸೋದೊಂದು ಬಾಕಿ" ಅಂದಳು ಮನೆಗೆ ಬಂದು.

ನಮ್ಮ ಟೂಲ್‌ರೂಮಿನವರ ಸ್ವಭಾವವೇ ಹಾಗೆ. ಯಾರ ಕಷ್ಟವನ್ನು ಕೊಟ್ಟರೂ ಅದಕ್ಕೊಂದು ತಗಡಿನ ಪರಿಹಾರ ಮಾಡಿ ತರುತ್ತಾರೆ. ಊಟದ ಬಿಡುವಿನಲ್ಲಿ, ಭಾನುವಾರಗಳಲ್ಲಿ ಕೂತು ಅವಳಿಗಾಗಿ ಒಂದು ಪೆಟ್ಟಿಗೆ ಮಾಡಿದರು. ಮೇಲಿನ ತಗಡಿನಲ್ಲಿ ಸಾಲಾಗಿ ತೂತು: ಐದು ಪೈಸೆಗೆ ಚೌಕ, ಹತ್ತು ಪೈಸೆಗೆ ಎಸಳು, ಇಪ್ಪತ್ತಕ್ಕೆ ಆರು ಮೂಲೆ, ನಾಲ್ಕಾಣೆಗೆ ಪುಟ್ಟ ದುಂಡು, ಎಂಟಾಣೆಗೆ, ರೂಪಾಯಿಗೆ. ಯಾವ ಕಾಸಾದರೂ ಅದರ ತೂತಿಗೇ ಬೀಳಬೇಕು, ಕೆಳಗಿನ ಅದರ ಖಾನೆಗೇ ಹೋಗಬೇಕು. ತೂತುಗಳ ಅಂಚನ್ನು ಅರದಿಂದ ಎಷ್ಟು ನಯ ಮಾಡಿದ್ದರೆಂದರೆ, ಅರ ಕೊಟ್ಟ ನನಗೇ ಹೆಮ್ಮೆಯಾಯಿತು. ಮೆಷಿನ್ನಿಗೆ ಹೊಡೆಯುವ ಬೂದು ಬಣ್ಣ ಹೊಡೆದು, ಅರಿಶಿನ ಕುಂಕುಮ ಹಚ್ಚಿ ತಂದಿಟ್ಟರು.

"ಅಕ್ಕ, ಇನ್ಮೇಲೆ ನೀವು ಕೈ ಆಡಿಸೋ ತೊಂದ್ರೇನೇ ಇಲ್ಲ" ಅಂದ ಟರ್ನರ್.

ಅವಳು ಒಂದೊಂದೇ ತೂತಿನ ಸುತ್ತ ಬೆರಳು ಆಡಿಸಿದಳು. ಎಲ್ಲವೂ ಅವಳಿಗೆ ಗೊತ್ತಿದ್ದ ಆಕಾರಗಳೇ, ಒಳಗೆ ಖಾಲಿ. "ಬಲು ಚೆನ್ನಾಗಿ ಮಾಡಿದೀರ ಕಣಪ್ಪ" ಎಂದು ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ ಹೆಚ್ಚಿನ ಹೊತ್ತು ಆ ಕೈಗಳು ಮಡಿಲಲ್ಲೇ ಇರುತ್ತಿದ್ದವು. ಸ್ಟೋರ್ಸ್ ಕಿಟಕಿಯಿಂದ ಕತ್ತು ಚಾಚಿದರೆ ಅದೊಂದೇ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ಹೊಸ ಕಾಸು ಬಂತು. ಉಕ್ಕಿನದು. ಹತ್ತು ಪೈಸೆ ಗುಂಡಗೆ, ನಾಲ್ಕಾಣೆ ಗುಂಡಗೆ, ಎಂಟಾಣೆ ಗುಂಡಗೆ. ಥಳಥಳ ಹೊಳೆಯುತ್ತಿದ್ದವು, ಎಲ್ಲರೂ ಚೆನ್ನಾಗಿವೆ ಅಂದರು. ಹೊಸ ಎಂಟಾಣೆ ಹಳೆಯ ಎಂಟಾಣೆಗಿಂತ ಒಂದು ಚೂರು ಚಿಕ್ಕದು, ಹಳೆಯ ನಾಲ್ಕಾಣೆಗಿಂತ ಒಂದು ಚೂರು ದೊಡ್ಡದು. ಹೊಸ ಹತ್ತು ಪೈಸೆ ಯಾವ ತೂತಿಗೆ ಹಾಕಿದರೂ ಬೀಳುತ್ತಿತ್ತು. ಅಷ್ಟು ನಾಜೂಕಾಗಿ ಅರ ಹಾಕಿದ ಪೆಟ್ಟಿಗೆಯ ಖಾನೆಗಳೆಲ್ಲ ಕಲಸುಮೇಲೋಗರವಾದವು. ಟೂಲ್‌ರೂಮಿನವರು ಅದನ್ನು ತಿದ್ದಲು ಹೊತ್ತೊಯ್ದರು. ಅದು ವಾಪಸ್ಸು ಬರಲಿಲ್ಲ.

ಮನೆಯಲ್ಲಿ ಅವಳಿಗೆ ಹೊಸ ಕಾಸು ಅಭ್ಯಾಸ ಮಾಡಿಸಲು ಕೂತೆ. ನಾನು ಕೊಡುವುದು, ಅವಳು ಹೇಳುವುದು. ಸರಿಯಾಗಿ ಹೇಳುವಳು, ಮರುಗಳಿಗೆ ತಪ್ಪುವಳು. "ನಿಮ್ಮೊಬ್ರ ಕೈಯಿಂದ ಬರೋ ಕಾಸು ಸಾಲಲ್ಲ ಕಣ್ರೀ. ಹಳೇವ್ನ ನಾನು ಕಲಿತಿದ್ದು ಇಂಗಲ್ಲ. ಪಾಳಿ ಬಿಟ್ಟಾಗ ಜನ ಮುಗಿಬಿದ್ದು ಕೈಗೆ ಕೊಡ್ತಿದ್ರಲ್ಲ, ಅಲ್ಲಿ ಕಲ್ತಿದ್ದು. ಒಂದು ತಿಂಗ್ಳು ಅಂಗೆ ಕೊಟ್ರೆ ಇವೂ ಬರ್ತವೆ." ನಾನು ಟರ್ನರನಿಗೆ ಹೇಳಿದೆ, ಎಲ್ಲರಿಗೂ ಹೇಳು ಮಾರಾಯ, ಮೊದಲಿನ ಹಾಗೆ ಕೈಗೇ ಕೊಡಲಿ ಎಂದು. ಅವನು ಹೇಳಿದ. ಕೊಟ್ಟರು ಕೂಡ, ಆದರೆ ಮೊದಲಿನ ಹಾಗಲ್ಲ. "ಎಂಟಾಣೆ ಅಕ್ಕ!" ಎಂದು ಕೂಗಿ ಕೈಗಿಡುತ್ತಿದ್ದರು. ಬೆಲೆ ಹೇಳಿಕೊಟ್ಟ ಮೇಲೆ ಬೆರಳಿಗೆ ಕಲಿಯಲು ಏನು ಉಳಿಯಿತು?

ಅವಳು ಚಿಲ್ಲರೆ ಕೊಡುವಾಗ ತಪ್ಪತೊಡಗಿದಳು. ಯಾರೂ ತಪ್ಪೆಂದು ಹೇಳಲಿಲ್ಲ. ಹೆಚ್ಚು ಬಂದದ್ದನ್ನು ಸದ್ದಾಗದಂತೆ ಡಬ್ಬಕ್ಕೆ ವಾಪಸ್ಸು ಬಿಡುತ್ತಿದ್ದರು. ಆದರೆ ಉಕ್ಕಿನ ಕಾಸು ಸದ್ದು ಮಾಡದೆ ಬೀಳುವುದಿಲ್ಲ. ಒಂದು ಸಂಜೆ ನಾನು ಅಲ್ಲೇ ಇದ್ದೆ. ಟರ್ನರನಿಗೆ ಚಿಲ್ಲರೆ ಕೊಟ್ಟಳು. ಡಬ್ಬದಲ್ಲಿ ಟಿಣ್ ಅಂದಿತು.

"ಯಾಕೆ ವಾಪಸ್ ಹಾಕ್ದೆ?"

"ಇಲ್ಲಕ್ಕ, ಕೈ ಜಾರ್ತು."

"ಬೆಳಿಗ್ಗೆ ವೆಲ್ಡರಪ್ಪಂಗೂ ಜಾರ್ತು. ಮಧ್ಯಾಹ್ನ ಇನ್ನಿಬ್ರಿಗೆ ಜಾರ್ತು. ನಿಮ್ಮ ಫ್ಯಾಕ್ಟರೀಲಿ ಎಲ್ಲರ ಕೈಯೂ ಇಂಗೆ ಜಾರಿದ್ರೆ ಲೇತ್ ಎಂಗಪ್ಪ ನಡೆಸ್ತೀರಾ?"

ಟರ್ನರ್ ತಲೆ ತಗ್ಗಿಸಿ ನಿಂತ. ಅವಳು ಎದ್ದಳು. ಗೊನೆಯಲ್ಲಿ ಉಳಿದಿದ್ದ ಹಣ್ಣುಗಳನ್ನು ತಡವಿ ಕಿತ್ತು ಅವನ ಕೈಗೆ ಕೊಟ್ಟಳು. "ಏನ್ರೀ, ಹಲಗೆ ಹಾಕಿ" ಅಂದಳು. ಹೊತ್ತು ಇನ್ನೂ ಇದೆಯಲ್ಲೇ ಅಂದೆ. "ಹಾಕಿ."

ಮೂರೂ ಹಲಗೆ ಕೂರಿಸಿ ಬೀಗ ಹಾಕಿದೆ. ಟರ್ನರ್ ಹಿಂದೆಯೇ ಬಂದ. "ಅಕ್ಕ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ ಕಣಪ್ಪ. ನೀವೆಲ್ಲ ಬಲು ಒಳ್ಳೇರು" ಎಂದು ನನ್ನ ತೋಳು ಹಿಡಿದುಕೊಂಡಳು. ಅಲ್ಲಿಂದ ಮನೆಗೆ ದಾರಿ ಅವಳಿಗೆ ಬಾಯಿಪಾಠ, ಅದುವರೆಗೆ ಎಂದೂ ನನ್ನ ತೋಳು ಹಿಡಿದವಳಲ್ಲ.

ಅಂಗಡಿಯನ್ನು ಬೇರೆ ಯಾರೋ ತೆಗೆದುಕೊಂಡರು. ಈಗ ಅಲ್ಲಿ ಕಾಸನ್ನು ಹಲಗೆಗೇ ಎಸೆಯುತ್ತಾರೆ. ಅವಳು ಮನೆಯ ನಡುಕೋಣೆಯಲ್ಲಿ, ಗೋಡೆಗೆ ಒರಗಿ ಕೂರುತ್ತಾಳೆ. ಆ ಜಾಗ ಮೂಲೆಯಲ್ಲ ಎಂದು ನಾನು ನನಗೇ ಹೇಳಿಕೊಳ್ಳುತ್ತೇನೆ, ಕಿಟಕಿಗೆ ಹತ್ತಿರವಿದೆ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟಾಗ ಆರು ಮೂಲೆಯದೋ ಎಸಳಿನದೋ ಸಿಕ್ಕಿದರೆ ಬೇರೆ ಇಟ್ಟುಕೊಂಡು ತರುತ್ತಿದ್ದೆ. ಅವಳ ಕೈಗೆ ಕೊಟ್ಟರೆ "ಇಪ್ಪತ್ತು" ಅನ್ನುವಳು, ವಾಪಸ್ಸು ಕೊಡುವಳು. ಕೆಲವು ದಿನಗಳ ಮೇಲೆ ಹಾಗೆ ಅನ್ನುವುದನ್ನೂ ಬಿಟ್ಟಳು. ನಾನೂ ತರುವುದನ್ನು ಬಿಟ್ಟೆ.

ಸಾಹೇಬರು ಕೊಟ್ಟ ನಾಣ್ಯಗಳ ಡಬ್ಬ ಗೂಡಿನಲ್ಲಿದೆ. ಅದನ್ನು ಅವಳು ತೆಗೆಯುವುದಿಲ್ಲ. ಹಾಲೆಂಡಿನ ನೋಟು ಮಾತ್ರ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ತೆಗೆದು, ಮೂಲೆಯ ಮೇಲೆ ಹೆಬ್ಬೆಟ್ಟು ಆಡಿಸುತ್ತಾಳೆ. ಎಷ್ಟು ಸಲ ಆಡಿಸಿದ್ದಾಳೋ, ನೋಟು ಬಟ್ಟೆಯಷ್ಟು ಮೆತ್ತಗಾಗಿದೆ.

ಮೊನ್ನೆ ಅವಳು ಕರೆದಳು. "ಏನ್ರೀ, ಇಲ್ಲಿ ಚುಕ್ಕಿ ಸಿಗ್ತಿಲ್ಲ. ಬೆರಳು ಜಡ್ಡುಗಟ್ಟೈತೋ ಏನೋ. ನೀವು ಮುಟ್ಟಿ ನೋಡಿ, ಐತಾ?"

ನಾನು ಪಕ್ಕದಲ್ಲಿ ಕೂತು ಮುಟ್ಟಿ ನೋಡಿದೆ. ಅವಳ ಹಾಗೆ ಕಣ್ಣು ಮುಚ್ಚಿಕೊಂಡೂ ಮುಟ್ಟಿದೆ. ಸಪಾಟಾಗಿತ್ತು. ಒಂದು ಚುಕ್ಕಿಯೂ ಉಳಿದಿರಲಿಲ್ಲ, ಎಲ್ಲವೂ ಅವಳ ಹೆಬ್ಬೆಟ್ಟಿಗೇ ಸವೆದುಹೋಗಿದ್ದವು.

"ಐತೆ ಕಣೇ" ಅಂದೆ. "ಚೆನ್ನಾಗೇ ಸಿಗ್ತದೆ."

ಅವಳು ನನ್ನ ಕೈಯಿಂದ ನೋಟು ಇಸಕೊಂಡಳು. ಮೂಲೆಗೆ ಮೂಲೆ ಸೇರಿಸಿ ಮಡಿಸಿದಳು, ಮತ್ತೆ ಮಡಿಸಿದಳು.

"ನಿಮ್ಮ ಕೈಯೂ ಜಾರಕ್ಕೆ ಶುರುವಾಯ್ತೇನ್ರೀ?" ಎಂದಳು.